ಬಲಗಡೆಯ ಅರ್ಧ

೧೪ ನವೆಂಬರ್ ೨೦೨೪, ಗುರುವಾರ

ನನ್ನಂತೆಯೇ ಹಳೆಯ ನೋಟು ಕೂಡಿಡುತ್ತಿದ್ದ, ಹಿಂದೆ ಪಕ್ಕದ ಓಣಿಯಲ್ಲೇ ಇದ್ದ ಗೆಳೆಯ ಅಮರೇಶಪ್ಪನ ಹೆಂಡತಿ ಸುಂದರಾಬಾಯಿ ಸಿಕಂದರಾಬಾದಿನಿಂದ ಬಂದು ಅವನ ಅರ್ಧ ನೋಟು ಕೊಟ್ಟುಹೋದರು. ಬ್ರಿಟಿಷರ ಕಾಲದ ಹತ್ತು ರೂಪಾಯಿ. ಎಡಭಾಗ ನನ್ನಲ್ಲೇ ಇತ್ತು. ಕಳ್ಳರ ಭಯಕ್ಕೆ ಆಗ ನೋಟು ಕತ್ತರಿಸಿ, ಒಂದು ಅರ್ಧ ಮುಟ್ಟಿದ ಮೇಲೆಯೇ ಇನ್ನೊಂದನ್ನು ಟಪಾಲಿಗೆ ಹಾಕುತ್ತಿದ್ದರು. ನಾವೂ ಹಾಗೆಯೇ, ನಿನ್ನ ಅರ್ಧ ನೀನು ಮೊದಲು ಕೊಡು ಎಂದು ಹಟ ಹಿಡಿದು ಹದಿನೆಂಟು ವರ್ಷ ಮಾತು ಬಿಟ್ಟೆವು. ಮೂರ್ಖರು.

"ಆಸ್ಪತ್ರ್ಯಾಗ ಕಡೀ ದಿನ, ನಾನೇ ಸೋತೆ, ಕೊಟ್ಟು ಬಾ ಅಂದ್ರು. ದಿನಕರ್ಮ ಮುಗಿಸಿ ಬಂದೀನ್ರಿ," ಎಂದರು.

ಅವನ ಮಣ್ಣಿಗೂ ನಾನು ಹೋಗಿರಲಿಲ್ಲ.

ಸಂಜೆ ಎರಡನ್ನೂ ಜೋಡಿಸಿದೆ. ನಂಬರು ಒಂದೇ, ಕತ್ತರಿಯ ಗೆರೆ ಕೂದಲೆಳೆಯಷ್ಟೂ ತಪ್ಪಿಲ್ಲ. ಮೈಯೆಲ್ಲ ಜುಮ್ಮೆಂದಿತು. ಅಮರೇಶಪ್ಪನಿಗೆ ತೋರಿಸಬೇಕೆಂದು ಚಪ್ಪಲಿ ಮೆಟ್ಟಿ ಗೇಟಿನವರೆಗೂ ಹೋಗಿಬಿಟ್ಟೆ.