ಪಟ್ನಾದಿಂದ ಬಂದ ಕಪ್ಪು ಜ್ವರ

ಚಿತ್ರದುರ್ಗ
೧೪-೧೦-೧೯೭೮, ಶನಿವಾರ

ಪ್ರೀತಿಯ ಯಜಮಾನರಿಗೆ, ನಿಮ್ಮ ದುರುಗಕ್ಕನ ನಮಸ್ಕಾರ.

ಹೇಗಿದ್ದೀರಿ? ಊಟ ಸೇರುತ್ತಿದೆಯೇ? ಅತ್ತೆಯವರು ಆರಾಮಾಗಿದ್ದಾರೆ, ಮಂಡಿನೋವು ಇದ್ದದ್ದೇ. ಮಗಳು ಚಂದ್ರಿ ಗೋಡೆ ಹಿಡಿದು ನಡೆಯುತ್ತಾಳೆ. ಅಂಗಳದ ಕೋಳಿಗಳನ್ನೆಲ್ಲ ಅಪ್ಪ ಅನ್ನುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ.

ಸುದ್ದಿ ಕೆಟ್ಟದ್ದು. ಪಟ್ನಾದ ಕೊಬ್ಬರಿ ಗೋದಾಮಿನಲ್ಲಿ ನಿಮ್ಮ ಜೊತೆ ದುಡಿದು, ನಿಮ್ಮ ಕೋಣೆಯಲ್ಲೇ ಮಲಗುತ್ತಿದ್ದ ಹೊಸದುರ್ಗದ ಕರಿಯಣ್ಣ ಕಳೆದ ಮಂಗಳವಾರ ತೀರಿಕೊಂಡರು. ಜ್ವರವೆಂದು ರಜೆ ಹಾಕಿ ಬಂದವರನ್ನು ಹೆಂಡತಿ ಬಸಮ್ಮ ಬಸ್ಸಿನಲ್ಲಿ ನಮ್ಮ ಮನೆಗೆ ಕರೆತಂದಾಗ ನನಗೆ ಗುರುತೇ ಹತ್ತಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬಸುರಿಯದರಂತೆ, ಮುಖ ಸುಟ್ಟ ಹಾಗೆ ಕಪ್ಪು. ಇಲ್ಲಿಯ ಡಾಕ್ಟರೊಬ್ಬರು ಮಲೇರಿಯಾ ಎಂದು ಹದಿನೈದು ದಿನ ಕಹಿ ಮಾತ್ರೆ ನುಂಗಿಸಿದರು. ಜ್ವರ ಜಗ್ಗಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಅಲ್ಲಿಗೆ ಹೊಸದಾಗಿ ಬಂದಿರುವ ಡಾಕ್ಟರಮ್ಮ ಎಡಗಡೆ ಹೊಟ್ಟೆ ಒತ್ತಿ, ಗುಲ್ಮ ಹೊಕ್ಕುಳ ದಾಟಿ ಊದಿರುವುದನ್ನು ಪೆನ್ನಿನಿಂದ ಗೆರೆ ಎಳೆದು ತೋರಿಸಿ, "ಇಷ್ಟು ದಿನ ಯಾವೂರಾಗಿದ್ರಿ?" ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಪಟ್ನಾ ಎಂದ ಕೂಡಲೇ ಎದೆಮೂಳೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸಿದರು. ಕಾಲಾ ಅಜಾರ್ ಅಂತೆ, ಕಪ್ಪು ಜ್ವರ. ಸೊಳ್ಳೆಗಿಂತ ಸಣ್ಣ ನೊಣವೊಂದು ಕಚ್ಚಿ ಬರುತ್ತದಂತೆ. ಮಣ್ಣುಗೋಡೆಯ ಬಿರುಕು, ದನದ ಕೊಟ್ಟಿಗೆಯ ತೇವದಲ್ಲಿ ಇರುತ್ತದಂತೆ. ಮಲೇರಿಯಾ ಹೋಯಿತೆಂದು ಆ ಕಡೆ ಡಿಡಿಟಿ ಹೊಡೆಯುವುದು ನಿಂತ ಮೇಲೆ ಹಳ್ಳಿಗಳಲ್ಲಿ ಹಬ್ಬಿ, ಈಗ ಪಟ್ಟಣದ ಗಲ್ಲಿಗಳಿಗೂ ನುಗ್ಗಿದೆಯಂತೆ.

ಅದರ ಇಂಜೆಕ್ಷನ್ ದುರ್ಗದಲ್ಲಿ ಇರಲಿಲ್ಲ. ಬೆಂಗಳೂರಿನಿಂದ ಬರಲು ಆರು ದಿನ ಹಿಡಿಯಿತು. ಎರಡು ಚುಚ್ಚಿದ್ದರು, ಅಷ್ಟರಲ್ಲಿ ಮೂಗು, ವಸಡಿನಿಂದ ರಕ್ತ ಶುರುವಾಯಿತು. ಒತ್ತಿ ಹಿಡಿದಿದ್ದ ಪಂಚೆ ಪೂರಾ ತೊಯ್ದರೂ ನಿಲ್ಲಲಿಲ್ಲ.

ಮುಟ್ಟಿದರೆ ಬರುವುದಿಲ್ಲವೆಂದು ಡಾಕ್ಟರಮ್ಮ ಹೇಳಿದ್ದರೂ ಓಣಿಯವರು ಬಸಮ್ಮನಿಗೆ ನಲ್ಲಿ ಮುಟ್ಟಗೊಡಲಿಲ್ಲ. ಅತ್ತೆಯವರೇ ಕೊಡ ಎತ್ತಿಕೊಂಡು ಹೋಗಿ, "ಇವಳು ತಿಂಗಳಿಂದ ನಮ್ಮನ್ಯಾಗೇ ಉಣ್ತಾಳೆ, ನಂಗೇನಾಗೈತೆ ನೋಡ್ರೇ!" ಎಂದು ಕೂಗಾಡಿ ನೀರು ತಂದರು. ಬಸಮ್ಮ ಅಳಲೇ ಇಲ್ಲ. ಮಣ್ಣು ಮಾಡಿ ಬಂದ ಮೇಲೆ ಒಂದೇ ಮಾತು ಆಡಿದಳು: "ಅಲ್ಲೇ ತೋರ್ಸಿದ್ರೆ ಉಳೀತಿದ್ರು ದುರುಗಕ್ಕ. ಬರ್ರಿ ಬರ್ರಿ ಅಂತ ಕಾಗದ ಬರ್ಸಿದ್ದು ನಾನೇ."

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಚಂದ್ರಿಯ ಮುತ್ತುಗಳು.

ನಿಮ್ಮ
ದುರುಗಕ್ಕ

ಮತ್ತೆ: ಮೇಲಿನದನ್ನು ಅತ್ತೆಗೆ ಓದಿ ಹೇಳಿ, ಅವರು ಎದ್ದುಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸಾಯುವ ಹಿಂದಿನ ದಿನ ಕರಿಯಣ್ಣ ನನ್ನೊಬ್ಬಳನ್ನೇ ಕರೆದು, "ನಿನ್ ಗಂಡ ಮೂರ್ತಪ್ಪಂಗೂ ಎರಡು ತಿಂಗಳಿಂದ ಜ್ವರ ಐತೆ ತಂಗಿ, ಹೇಳಬ್ಯಾಡ ಅಂತ ಆಣೆ ಮಾಡಿಸ್ಕಂಡಿದ್ದ" ಅಂದರು. ದೀಪಾವಳಿಗೆ ಬರುತ್ತೇನೆಂದು ಬರೆದಿದ್ದೀರಿ. ಬರಬೇಡಿ. ಮದ್ದು ಅಲ್ಲಿದೆ, ಇಲ್ಲಿಲ್ಲ. ಕಾಗದ ಕೈಸೇರಿದ ಕೂಡಲೇ ಅಲ್ಲಿಯ ದೊಡ್ಡಾಸ್ಪತ್ರೆಗೆ ಹೋಗಿ, ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿ ಇದರೊಳಗಿದೆ, ತೋರಿಸಿ. ಬುಧವಾರ ಅಣ್ಣನ ಜೊತೆ ನಾನೂ ರೈಲು ಹತ್ತುತ್ತೇನೆ, ಮಗು ಅತ್ತೆಯ ಹತ್ತಿರ ಇರುತ್ತದೆ. ಕರೆದುಕೊಳ್ಳಲು ಸ್ಟೇಷನ್ನಿಗೆ ಬರಬೇಡಿ. ಯಾವ ವಾರ್ಡಿನಲ್ಲಿದ್ದರೂ ನಾನೇ ಹುಡುಕಿಕೊಂಡು ಬರುತ್ತೇನೆ.