ಹನ್ನೊಂದು ಸುಳ್ಳು ಎಚ್ಚರಿಕೆ

ಅಕ್ಕಾ,

ನೀನು ಹೋಗಿ ಎರಡು ವರ್ಷವಾದ ಮೇಲೂ ನಿನ್ನ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ಅಂದುಕೊಂಡಿರಲಿಲ್ಲ. ಇವತ್ತು ಲ್ಯಾಬಿನಲ್ಲಿ ನಮ್ಮ ಟೆಕ್ನೀಷಿಯನ್ ನಿನ್ನ ಮಿದುಳಿನ ಅಲೆಗಳ ಹಳೆಯ ದಾಖಲೆ ತೆರೆದಳು. ಫಿಟ್ಸ್ ಬರುವ ಮುನ್ನ ಕೂಗಿ ಎಚ್ಚರಿಸಲೆಂದು ನಾನು ಮಾಡಿಕೊಟ್ಟಿದ್ದ ತಲೆಪಟ್ಟಿ ಕೂಗಿದ ಹನ್ನೊಂದು ದಿನವೂ ನಿನಗೆ ಫಿಟ್ಸ್ ಬಂದಿತ್ತು. ಅದು ಕೂಗಿದಾಗಲೆಲ್ಲ ಏನಾಯಿತೆಂದು ಬರೆಯಲು ನಾನು ಕೊಟ್ಟಿದ್ದ ಡೈರಿಯಲ್ಲಿ ಮಾತ್ರ ಹನ್ನೊಂದು ಸಲವೂ ‘ಏನೂ ಆಗಲಿಲ್ಲ’ ಎಂದು ದುಂಡಗೆ ಬರೆದಿದ್ದೀಯ. ಗೊತ್ತಾಗಲಿಲ್ಲ ಎನ್ನಬೇಡ. ಕಚ್ಚಿಕೊಂಡ ನಾಲಿಗೆಗೆ ಬಿಸಿ ಚಹಾದ ನೆಪ ಹೇಳಿದವಳು ನೀನು. ಮಕ್ಕಳಿಗೆ ಈಜು ಕಲಿಸುವ ಕೆಲಸ ತಪ್ಪೀತೆಂದು ತಾನೆ?

“ನಿನ್ನ ಯಂತ್ರ ಸುಮ್ಸುಮ್ನೆ ಅರಚುತ್ತೆ ಕಣೋ, ಚಿಕ್ಕೋನಿದ್ದಾಗ ನೀನೂ ಹಂಗೇ ಇದ್ದೆ” ಎಂದು ನೀನು ನಕ್ಕಿದ್ದೆ. ನಾನೂ ನಕ್ಕೆ. ಭೌತಶಾಸ್ತ್ರ ಬಿಟ್ಟು ನಿನ್ನ ಕಾಯಿಲೆಗೆಂದೇ ಕಟ್ಟಿದ ತಲೆಪಟ್ಟಿಯ ಲೆಕ್ಕಾಚಾರವನ್ನು ನಿನ್ನ ಮಾತು ನಂಬಿ ತಿದ್ದಿದೆ. ಅದು ಅಷ್ಟು ಸುಲಭಕ್ಕೆ ಕೂಗದಂತೆ ಮಾಡಿದೆ. ನೀನು ಮುಳುಗಿದ ಆ ಬೆಳಿಗ್ಗೆ, ಈಜುಕೊಳಕ್ಕಿಳಿಯುವ ಮುನ್ನ ಅದು ಕೂಗಲಿಲ್ಲ.

ದಾಖಲೆಯ ಜೊತೆ ತಾಳೆ ನೋಡದೆ ನಾನು ಯಾವ ರೋಗಿಯ ಡೈರಿಯನ್ನೂ ಒಪ್ಪಿದವನಲ್ಲ.

“ಇದೊಂದನ್ನ ಯಾಕೆ ತಾಳೆ ನೋಡ್ಲಿಲ್ಲ ಸರ್?” ಎಂದು ಟೆಕ್ನೀಷಿಯನ್ ಕೇಳಿದಳು.

“ಅದು ನಮ್ಮಕ್ಕಂದು” ಎಂದೆ.