ಒಣಗಿದ ನೆಲ

೧೪ ಮಾರ್ಚ್, ಶನಿವಾರ

ನೀರು ಸೋರಿ ನೆನೆದಿದ್ದ ಮಹಡಿಯ ನೃತ್ಯಶಾಲೆಯ ನೆಲ ಒಣಗಿದೆಯೋ ಇಲ್ಲವೋ ಎಂದು ಬೆಳಗಿನಿಂದ ಅದೇ ಯೋಚನೆ. ಸಿಮೆಂಟಿನ ಮೇಲೆ ಕುಣಿದು ಮಕ್ಕಳ ಹಿಮ್ಮಡಿ ನೋಯುತ್ತದೆಂದೇ ಮರದ ನೆಲ ಹಾಕಿಸಲು ಹೊರಟಿದ್ದು. ಭದ್ರಾವತಿಯಿಂದ ತೇಗದ ಹಲಗೆಗಳೂ ಬಂದಿವೆ. ಆದರೆ ಕೆಳಗೆ ತೇವವಿದ್ದರೆ ಹಲಗೆ ಉಬ್ಬಿ ಏಳುತ್ತದೆ. ತೇವ ಪರೀಕ್ಷಿಸಲು ಕಳೆದ ವಾರ ನೆಲಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯ ಅಡಿಯಲ್ಲಿ ಬೆವರಿನಂತೆ ಹನಿಗಳಿದ್ದವು. ಬೇಸಿಗೆ ಶಿಬಿರದ ಆಸೆಯನ್ನೇ ಬಿಟ್ಟಿದ್ದೆ.

ಸಂಜೆ ಬಡಗಿ ಓಬಯ್ಯನವರು ಬಂದು, ನಿನ್ನೆ ಅಂಟಿಸಿದ್ದ ಹೊಸ ಹಾಳೆಯನ್ನು ಕಿತ್ತರು. ನಾನು ಕಣ್ಣು ಮುಚ್ಚಿಕೊಂಡೆ.

"ಕಣ್ಬಿಡಿ ಮೇಡಂ, ಒಂದ್ ಹನೀನೂ ಇಲ್ಲ! ಆ ಮೂಲೆ ತಗ್ಗು ಒಂದ್ ಸಮ ಮಾಡಿದ್ರೆ ಹಲಗೆ ಜೋಡಿಸ್ಬಹುದು."

ಅತ್ತೆ ಯಲ್ಲಮ್ಮನವರಿಗೆ ಅಷ್ಟು ಸಾಲದು. ಬಗ್ಗಿ ಕೆನ್ನೆಯನ್ನೇ ನೆಲಕ್ಕೆ ಒತ್ತಿದರು. "ಹಪ್ಳ ಒಣಗ್ದಂಗೆ ಒಣಗೈತೆ ಕಣೇ ಅಕ್ಷಯಾ. ಇನ್ನೇನ್ ನಿಂತಿದೀಯಾ ಮಾರಾಯ್ತಿ, ಕುಣಿ!"

ಸೆರಗು ಸಿಕ್ಕಿಸಿ ಕುಣಿದೇಬಿಟ್ಟೆ. ನೋಡಿದರೆ ಪಕ್ಕದಲ್ಲಿ ಅತ್ತೆಯೂ ಕೋಲಾಟದ ಹೆಜ್ಜೆ ಹಾಕುತ್ತಿದ್ದಾರೆ! ನಾನು ಈ ಮನೆಗೆ ಬಂದ ಮೇಲೆ ಅವರು ಕುಣಿದದ್ದನ್ನು ಕಂಡೇ ಇರಲಿಲ್ಲ. ಓಬಯ್ಯನವರು ಹೋದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು: "ಹಲಗೆ ಹಾಕಿದ್ಮೇಲೆ ನನ್ನಂಥೋರ್ಗೂ ಒಂದ್ ಕ್ಲಾಸ್ ಇಡ್ತೀಯಾ?"

ಇಡುತ್ತೇನೆ ಎಂದೆ. ಅವರ ಮುಖ ಅರಳಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಬುಧವಾರ ಇಡಲೋ, ಶುಕ್ರವಾರವೋ...